ಫೆಬ್ರವರಿ 28

ನಾನು ಹುಟ್ಟಿದ್ದು ಫೆಬ್ರವರಿ 28ರಂದು. ವಿಜ್ಞಾನದ ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ದಿನ ಬೇಕೆ? 1928ರಲ್ಲಿ ಅಂದೇ ಸಿ.ವಿ. ರಾಮನ್ ಕಲ್ಕತ್ತೆಯಲ್ಲಿ ‘ರಾಮನ್ ಪರಿಣಾಮ’ ಕಂಡುಹಿಡಿದರು. 1987ರಿಂದ ಅದು ರಾಷ್ಟ್ರೀಯ ವಿಜ್ಞಾನ ದಿನ. ಮುಳಬಾಗಿಲಿನ ನಮ್ಮ ಶಾಲೆಯಲ್ಲಿ ಭಾಷಣ, ರಸಪ್ರಶ್ನೆ, ಪೆಪ್ಪರ್‌ಮಿಂಟು. ಎಲ್ಲ ನನ್ನ ಹುಟ್ಟುಹಬ್ಬಕ್ಕೇ ಎಂದು ಮಕ್ಕಳು ರೇಗಿಸುವುದೂ ಉಂಟು.

ಆದರೆ 2001ರಲ್ಲಿ ಇದೇ ದಿನ ನಮ್ಮ ಜಿಲ್ಲೆಯ ಕೆ.ಜಿ.ಎಫ್. ಚಿನ್ನದ ಗಣಿಗಳಿಗೆ ಬೀಗ ಬಿತ್ತು. ಸಾವಿರಾರು ಮನೆಗಳ ಅನ್ನ ಹೋಯಿತು. ಮೂರು ಕಿಲೋಮೀಟರಿಗೂ ಆಳ ತೋಡಿದ ಗಣಿ ಅದು. ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ನ್ಯೂಟ್ರಿನೊಗಳನ್ನು 1965ರಲ್ಲಿ ವಿಜ್ಞಾನಿಗಳು ಗುರುತಿಸಿದ್ದು ಆ ಕತ್ತಲಲ್ಲೇ. ಕಾರ್ಮಿಕರು ತೋಡದಿದ್ದರೆ ಉಪಕರಣ ಇಳಿಸುವುದಾದರೂ ಎಲ್ಲಿ?

ಹಾಗಾಗಿ ನನ್ನ ಭಾಷಣದಲ್ಲಿ ರಾಮನ್ ಜತೆಗೆ ಗಣಿಯೂ ಬರುತ್ತದೆ. ತಾತ ಅಲ್ಲಿ ದುಡಿದಿದ್ದ ಹುಡುಗ ಹಿಂದಿನ ಬೆಂಚಿನಲ್ಲಿ ನೆಟ್ಟಗೆ ಕೂರುತ್ತಾನೆ.