ಲಕ್ಷ ಜನರ ಕ್ರೀಡಾಂಗಣ

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದಿಂದ ಪಶ್ಚಿಮಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ ಆನ್ ಆರ್ಬರ್ ಎಂಬ ಊರಿದೆ. 1817ರಲ್ಲಿ ಡೆಟ್ರಾಯಿಟಿನಲ್ಲಿ ಸ್ಥಾಪನೆಗೊಂಡ ಮಿಶಿಗನ್ ವಿಶ್ವವಿದ್ಯಾಲಯವು 1837ರಲ್ಲಿ ಈ ಊರಿಗೆ ಬಂದು ನೆಲೆಸಿತು. 2020ರ ಗಣತಿಯಂತೆ ಊರಿನ ಜನಸಂಖ್ಯೆ ಸುಮಾರು 1,24,000. ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಕುಳಿತುಕೊಳ್ಳಬಹುದಾದವರ ಸಂಖ್ಯೆ 1,07,601! ಹೆಚ್ಚುಕಡಿಮೆ ಊರಿಗೆ ಊರನ್ನೇ ಒಳಗೊಳ್ಳಬಲ್ಲ ಈ ಸ್ಥಳವನ್ನು 2024ರ ಸೆಪ್ಟೆಂಬರಿನಲ್ಲಿ, ಬಂಧುಗಳ ಮನೆಗೆ ಹೋಗಿದ್ದಾಗ, ನೋಡುವ ಅವಕಾಶ ನನಗೆ ಒದಗಿತು.

ಅಲ್ಲಿಯವರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಅಡ್ಡಗಟ್ಟಿ ಕೆಡಹುವ ಆಟವದು. ವಿಶ್ವವಿದ್ಯಾಲಯಗಳ ನಡುವೆ ಮೊದಲ ಪಂದ್ಯ ನಡೆದದ್ದು 1869ರಲ್ಲಿ, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ತಂಡಗಳ ಮಧ್ಯೆ. ಆನ್ ಆರ್ಬರಿನ ಕ್ರೀಡಾಂಗಣವು 1927ರಲ್ಲಿ ತೆರೆಯಿತು. ಇದನ್ನು ಕಟ್ಟಿಸಲು ಶ್ರಮಿಸಿದವರು ಫೀಲ್ಡಿಂಗ್ ಯೋಸ್ಟ್ ಎಂಬ ಕ್ರೀಡಾನಿರ್ದೇಶಕರು. ಕ್ರೀಡಾಂಗಣದ ಬಹುಭಾಗ ನೆಲವನ್ನು ಅಗೆದು ನಿರ್ಮಿಸಿದ್ದು. ಬಾಗಿಲು ದಾಟಿದೊಡನೆ ನಾವು ಮೇಲಂಚಿನಲ್ಲಿ ನಿಂತಿರುತ್ತೇವೆ. ಆಸನಗಳು ನಮ್ಮ ನಾಡಿನ ಪುಷ್ಕರಣಿಯ ಪಾವಟಿಗೆಗಳಂತೆ ಸಾಲುಸಾಲಾಗಿ ಕೆಳಗಿಳಿಯುತ್ತವೆ.

ಪಂದ್ಯದ ಶನಿವಾರ ಊರಿನ ಚರ್ಯೆಯೇ ಬದಲಾಗುತ್ತದೆ. ಸುತ್ತಲಿನ ಮನೆಗಳವರು ತಮ್ಮ ಅಂಗಳವನ್ನು ಕಾರು ನಿಲ್ಲಿಸಲು ಬಾಡಿಗೆಗೆ ಕೊಡುತ್ತಾರೆ. ವಿಶ್ವವಿದ್ಯಾಲಯದ ಗಾಲ್ಫ್ ಮೈದಾನವೂ ವಾಹನಗಳಿಂದ ತುಂಬುತ್ತದೆ. ಬೆಳಗಿನಿಂದಲೇ ಜನ ಕಾರುಗಳ ಹಿಂದೆ ಒಲೆ ಹೂಡಿ, ಅಡುಗೆ ಮಾಡಿ, ನೆರೆಯವರನ್ನೂ ದಾರಿಹೋಕರನ್ನೂ ಕರೆದು ಉಣ್ಣಿಸುತ್ತಾರೆ. ಮದ್ಯಮಾಂಸಗಳ ಮಾತು ಹಾಗಿರಲಿ. ಗುರುತಿಲ್ಲದವರನ್ನು ಕರೆದು ಬಡಿಸುವ ಆ ಉತ್ಸಾಹವನ್ನು ಕಂಡಾಗ ನಮ್ಮ ಜಾತ್ರೆಗಳ ದಾಸೋಹ ನೆನಪಾಗದಿರದು. 1975ರ ನವೆಂಬರಿನಿಂದ ಇಲ್ಲಿ ಸಾರ್ವಜನಿಕರಿಗೆ ಪ್ರವೇಶವಿದ್ದ ಒಂದೊಂದು ಪಂದ್ಯಕ್ಕೂ ಲಕ್ಷ ಮೀರಿ ಜನ ಸೇರಿದ್ದಾರೆಂದು ಲೆಕ್ಕವಿದೆ. 2013ರಲ್ಲಿ ನಾಟರ್ ಡೇಮ್ ತಂಡದೊಡನೆ ಆಡಿದ ದಿನದ ಸಂಖ್ಯೆ 1,15,109.

ಇಂಥ ವೈಭವದ ನಡುವೆಯೂ ಆ ದೇಶದ ವಿಶ್ವವಿದ್ಯಾಲಯಗಳನ್ನು ಒಂದು ಚಿಂತೆ ಕಾಡುತ್ತಿದೆ. 2008ರಲ್ಲಿ ಮೇಲ್ದರ್ಜೆಯ ಕಾಲೇಜು ಪಂದ್ಯವೊಂದಕ್ಕೆ ಸರಾಸರಿ ಸುಮಾರು 47,000 ಪ್ರೇಕ್ಷಕರಿದ್ದರು. 2018ರ ಹೊತ್ತಿಗೆ ಅದು ಸುಮಾರು 42,000ಕ್ಕೆ ಇಳಿಯಿತು. 2021ರಲ್ಲಿ 40,000ಕ್ಕೂ ಕಡಿಮೆಯಾಯಿತು. ಅನಂತರ ತುಸು ಚೇತರಿಕೆ ಕಂಡಿದೆ, ನಿಜ. ಆದರೆ ಈ ಅಂಕಿಗಳೂ ಪೂರ್ಣ ಸತ್ಯವನ್ನು ಹೇಳುವುದಿಲ್ಲ. ಮಾರಾಟವಾದ ಅಥವಾ ಹಂಚಿದ ಟಿಕೆಟುಗಳನ್ನೇ ಹಾಜರಿಯೆಂದು ಪ್ರಕಟಿಸುವ ರೂಢಿ ಅಲ್ಲಿದೆ. 2018ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಹಲವು ವಿಶ್ವವಿದ್ಯಾಲಯಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಹಿಂದಿನ ವರ್ಷ ಬಾಗಿಲಲ್ಲಿ ನಿಜಕ್ಕೂ ತೋರಿಸಿದ ಟಿಕೆಟುಗಳು ಪ್ರಕಟಿತ ಸಂಖ್ಯೆಯ ಶೇಕಡಾ 71ರಷ್ಟು ಮಾತ್ರ ಎಂದು ತಿಳಿದುಬಂದಿತು.

ಕಾರಣಗಳನ್ನು ಕೇಳುತ್ತ ಹೋದರೆ ಮೊದಲು ಬರುವುದು ದೂರದರ್ಶನ. ಈ ಭಯ ಹೊಸದಲ್ಲ. ಪ್ರಸಾರದಿಂದ ಜನ ಮನೆಯಲ್ಲೇ ಉಳಿದಾರೆಂದು ಶಂಕಿಸಿ, ಕಾಲೇಜುಗಳ ಕ್ರೀಡಾ ಸಂಘವು 1950ರ ದಶಕದ ಆರಂಭದಲ್ಲಿಯೇ ಪ್ರಸಾರಕ್ಕೆ ಮಿತಿ ಹಾಕಿತ್ತು. ಕೆಲವು ವಿಶ್ವವಿದ್ಯಾಲಯಗಳು ಇದನ್ನು ಪ್ರಶ್ನಿಸಿದವು. 1984ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆ ನಿರ್ಬಂಧವನ್ನು ಅಸಿಂಧುಗೊಳಿಸಿತು. ಅಂದಿನಿಂದ ಪ್ರಸಾರದ ಹಣ ಹೊಳೆಯಾಗಿ ಹರಿಯಿತು. ಹಣ ಕೊಟ್ಟವರು ಹೇಳಿದಂತೆ ಆಟವೂ ನಡೆಯತೊಡಗಿತು. ಅನೇಕ ಪಂದ್ಯಗಳ ವೇಳೆ ನಿರ್ಧಾರವಾಗುವುದು 12 ದಿನ, ಒಮ್ಮೊಮ್ಮೆ ಕೇವಲ 6 ದಿನ ಮುಂಚೆ. ದೂರದಿಂದ ಬರುವ ಸಂಸಾರವಂತರು ಪ್ರಯಾಣವನ್ನು ಹೇಗೆ ಗೊತ್ತುಮಾಡಿಕೊಳ್ಳಬೇಕು? ಗಡಿಯಾರದ ಪ್ರಕಾರ ಆಟ 60 ನಿಮಿಷದ್ದು. ನಡೆಯುವುದು ಮೂರು ಗಂಟೆಗೂ ಮಿಕ್ಕಿ. ಜಾಹೀರಾತು ಮುಗಿಯುವವರೆಗೆ ಆಟಗಾರರು ಮೈದಾನದಲ್ಲಿ ಸುಮ್ಮನೆ ನಿಂತಿರುತ್ತಾರೆ. ಮನೆಯಲ್ಲಿದ್ದವನು ಆಗ ಎದ್ದು ನೀರು ಕುಡಿದು ಬರುತ್ತಾನೆ. ಹಣ ತೆತ್ತು ಬಂದವನು ಬಿಸಿಲಲ್ಲೋ ಚಳಿಯಲ್ಲೋ ಕಾಯುತ್ತಾನೆ.

ಎರಡನೆಯದು ಬೆಲೆ. 2014ರಲ್ಲಿ ಆನ್ ಆರ್ಬರಿನ ವಿದ್ಯಾರ್ಥಿಗಳ ಋತುಟಿಕೆಟಿನ ದರ 280 ಡಾಲರಿಗೆ ಮುಟ್ಟಿತ್ತು, ತಂಡವೂ ಸೋಲುತ್ತಿತ್ತು. ಕೊಳ್ಳುವ ವಿದ್ಯಾರ್ಥಿಗಳ ಸಂಖ್ಯೆ ಬಹಳವಾಗಿ ಕುಸಿಯಿತು, ವಿದ್ಯಾರ್ಥಿಗಳು ಅಧ್ಯಕ್ಷರ ನಿವಾಸದ ಮುಂದೆ ಪ್ರತಿಭಟಿಸಿದರು, ಕ್ರೀಡಾನಿರ್ದೇಶಕರು ರಾಜೀನಾಮೆಯಿತ್ತರು, ಮರುವರ್ಷ ದರವನ್ನು 175 ಡಾಲರಿಗೆ ಇಳಿಸಲಾಯಿತು. ಮೂರನೆಯದು ಬಾಂಧವ್ಯಗಳ ಸಡಿಲಿಕೆ. ಹಿಂದೆ ನೆರೆಹೊರೆಯ ರಾಜ್ಯಗಳ ವಿಶ್ವವಿದ್ಯಾಲಯಗಳೇ ಒಂದು ಕೂಟವಾಗಿ ಆಡುತ್ತಿದ್ದವು. 2024ರಲ್ಲಿ ಪೆಸಿಫಿಕ್ ತೀರದ ನಾಲ್ಕು ವಿಶ್ವವಿದ್ಯಾಲಯಗಳು ಮಿಶಿಗನ್ ಇರುವ ಕೂಟವನ್ನು ಸೇರಿದವು. ಪಕ್ಕದ ಊರಿನವರೊಡನೆ ಪೈಪೋಟಿಯಾದರೆ ಗಾಡಿ ಕಟ್ಟಿ ಹೋಗಬಹುದು. ಸಾವಿರಾರು ಕಿಲೋಮೀಟರ್ ಆಚೆಗೆ ಎಷ್ಟು ಜನ ಹೋದಾರು?

ಸೆಪ್ಟೆಂಬರ್ 21ರಂದು ಲಾಸ್ ಏಂಜಲೀಸಿನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಆನ್ ಆರ್ಬರಿಗೆ ಬಂದಿತ್ತು. ಅಲ್ಲಿ ಓದುತ್ತಿರುವ ನನ್ನ ಅಣ್ಣನ ಮೊಮ್ಮಗಳನ್ನು, ನೀನು ಎಲ್ಲ ಪಂದ್ಯಗಳಿಗೂ ಹೋಗುತ್ತೀಯಾ ಎಂದು ಕೇಳಿದೆ. "ಇಲ್ಲ ಅಜ್ಜಾ, ಒಂದು ಆಟಕ್ಕೆ ಇಡೀ ಶನಿವಾರ ಹೋಗುತ್ತದೆ. ಕೋಣೆಯಲ್ಲಿದ್ದರೆ ನಾಲ್ಕು ಆಟ ನೋಡಬಹುದು, ಓದಲೂಬಹುದು" ಎಂದಳು. ಅವಳ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಆಲಬಾಮಾ ವಿಶ್ವವಿದ್ಯಾಲಯವಂತೂ 2019ರಲ್ಲಿ, ವಿದ್ಯಾರ್ಥಿಗಳು ಕೊನೆಯವರೆಗೆ ಕುಳಿತಿರಲೆಂದು, ಅವರ ಮೊಬೈಲಿನಿಂದಲೇ ಇರುವನ್ನು ಪತ್ತೆಮಾಡಿ ಅಂಕ ಕೊಡುವ ಏರ್ಪಾಟು ಮಾಡಿತು. ಪ್ರೀತಿಯಿಂದ ಕುಳಿತಿರುತ್ತಿದ್ದವರನ್ನು ಎಣಿಕೆಯಿಂದ ಕೂರಿಸಬೇಕಾಯಿತು. ಇಂದಿನ ವಿದ್ಯಾರ್ಥಿಗೆ ಬರುವ ರೂಢಿ ಬೀಳದಿದ್ದರೆ ನಾಳೆ ಅವನು ತನ್ನ ಮಕ್ಕಳನ್ನು ಕರೆತರುವುದಿಲ್ಲವೆಂಬುದೇ ಅಲ್ಲಿನ ಹಿರಿಯರ ಅಳುಕು.

ಶರಣರು ನಮಗೆ ಕಲಿಸಿದ ಸ್ಥಾವರ–ಜಂಗಮ ವಿವೇಕ ಇಲ್ಲಿ ಹೊಸ ಅರ್ಥವನ್ನು ಪಡೆಯುತ್ತದೆ. ಕಾಂಕ್ರೀಟಿನ ಪಾವಟಿಗೆಗಳು ಸ್ಥಾವರ. ಅಲ್ಲಿ ಅಕ್ಕಪಕ್ಕ ಕುಳಿತು ಒಟ್ಟಿಗೆ ಉಸಿರು ಬಿಗಿಹಿಡಿಯುವ ಜನರೇ ಅದರ ಜಂಗಮ. ಅಂದಿನ ಪಂದ್ಯದಲ್ಲಿ ಕೊನೆಯ ನಿಮಿಷದಲ್ಲಿ ಮಿಶಿಗನ್ ಮುನ್ನಡೆದು 27–24ರಿಂದ ಗೆದ್ದಿತು. ಪರದೆಯ ಮೇಲೆ ಆ ಚಿತ್ರ ಇನ್ನೂ ಸ್ಪಷ್ಟವಾಗಿ ಕಂಡೀತು. ಆದರೆ ಗುರುತಿಲ್ಲದ ಮುದುಕರೊಬ್ಬರು ನನ್ನ ಎರಡೂ ಕೈಗಳನ್ನು ಹಿಡಿದು ಕುಲುಕಿದರಲ್ಲ, ಅದನ್ನು ಯಾವ ಪರದೆ ಪ್ರಸಾರ ಮಾಡಬಲ್ಲುದು? ಪ್ರಸಾರಕ್ಕೆ ಹಣ ಕೊಡುವವರು ಕೊಳ್ಳುವುದೂ ಈ ಜನಸ್ತೋಮದ ಸದ್ದನ್ನೇ. ಖಾಲಿ ಪಾವಟಿಗೆಗಳ ಮುಂದೆ ನಡೆಯುವ ಆಟವನ್ನು ಮನೆಯಲ್ಲಿ ಕುಳಿತವರೂ ಬಹುಕಾಲ ನೋಡಲಾರರು.

ಇದು ಪರದೇಶದ ಮಾತೆಂದು ನಾವು ತಳ್ಳಿಹಾಕುವಂತಿಲ್ಲ. ನಮ್ಮ ಮಠಗಳ ಜಾತ್ರೆ, ಪ್ರವಚನಗಳೂ ಇಂದು ಮೊಬೈಲಿನಲ್ಲಿ ನೇರವಾಗಿ ಬರುತ್ತವೆ. ನಾನು ಉಳಿದುಕೊಂಡಿದ್ದ ಮನೆಯ ಗೃಹಿಣಿ ಪ್ರತಿ ಜನವರಿಯಲ್ಲಿ ನಸುಕಿಗೇ ಎದ್ದು, ವಿಭೂತಿ ಧರಿಸಿ, ಕೊಪ್ಪಳದ ಗವಿಮಠದ ತೇರನ್ನು ಫೋನಿನಲ್ಲಿ ನೋಡಿ ಕೈಮುಗಿಯುತ್ತಾಳಂತೆ. ಬರಲಾಗದವಳಿಗೆ ಅದೊಂದು ಕೃಪೆಯೇ ಸರಿ. ಆದರೆ ಎರಡು ಗಂಟೆ ಬಸ್ಸಿನ ದಾರಿಯಲ್ಲಿರುವ ನಾವು "ಹೇಗೂ ಫೋನಿನಲ್ಲಿ ಬರುತ್ತದಲ್ಲ" ಎಂದು ಕುಳಿತರೆ, ತೇರಿಗೆ ಉತ್ತತ್ತಿ ಎಸೆಯುವವರು ಯಾರು? ದಾಸೋಹದ ಪಂಕ್ತಿಯಲ್ಲಿ ಮಗ್ಗುಲಿನವರ ಎಲೆಗೆ ಬಡಿಸುವವರು ಯಾರು? ದೂರದವರು ಅಲ್ಲಿಂದ ನೋಡಿ ಕಣ್ತುಂಬಿಕೊಳ್ಳಬೇಕಾದರೂ, ಇಲ್ಲಿ ಹತ್ತಿರದವರು ಬಂದು ನೆರೆದಿರಬೇಕು. ಮುಂದಿನ ಜಾತ್ರೆಗೆ ಮಕ್ಕಳ ಕೈಹಿಡಿದು ಹೊರಡಿರಿ.