ರತ್ನಗಂಬಳಿ ಹಾಸುವ ಮುನ್ನ

ಗೃಹಸ್ಥನು ಹಿಂಸೆಯನ್ನು ಪೂರ್ಣವಾಗಿ ತೊರೆಯಲಾರನೆಂಬುದನ್ನು ಜೈನಾಚಾರ್ಯರು ಬಲ್ಲವರಾಗಿದ್ದರು. ಒಲೆ ಹೊತ್ತಿಸುವುದು, ನೀರು ಸೇದುವುದು, ನೆಲ ಗುಡಿಸುವುದು ಮೊದಲಾದ ಗೃಹಕೃತ್ಯಗಳಲ್ಲಿ ಆಗುವ ಹಿಂಸೆಯನ್ನು ಆರಂಭೀ ಹಿಂಸೆಯೆಂದು ಕರೆದು, ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯಿಂದ ಅದನ್ನು ಬೇರ್ಪಡಿಸಿದರು. ಆದರೆ ಈ ವಿನಾಯಿತಿ ಎಚ್ಚರದಿಂದ ನಡೆಯುವವನಿಗೆ ಮಾತ್ರ. ಪ್ರಮಾದಕ್ಕೆ ಅಲ್ಲಿ ಎಡೆಯಿಲ್ಲ. ಮನೆಗೆ ರತ್ನಗಂಬಳಿ ಹಾಸಿಸುವಂಥ ಲೌಕಿಕ ಕೆಲಸದಲ್ಲಿಯೂ ಈ ಭೇದ ಹೇಗೆ ಎದುರಾಗುತ್ತದೆಂಬುದನ್ನು ಬೀಗರಾಗಿರುವ ಎರಡು ಮನೆಗಳ ಅನುಭವದಿಂದ ತಿಳಿಯಬಹುದು.

ಮೊದಲನೆಯದು ಕಪಿಲಾ ಕಾವೇರಿಯರು ಕೂಡುವ ತಿರುಮಕೂಡಲು ನರಸೀಪುರದಲ್ಲಿದೆ. ದೀಪಾವಳಿಗೆ ಮುಂಬಯಿಯ ನೆಂಟರು ಬರುವರೆಂದು ಆ ಮನೆಯವರು ಆಶ್ವಯುಜ ಮಾಸದಲ್ಲಿ, ಮಳೆ ಇನ್ನೂ ಬಿಡದಿರುವಾಗಲೇ, ನಡುಮನೆಗೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿಸಿದರು. ಹಿಂದಿನ ಸಂಜೆ ನೆಲವನ್ನು ಚೆನ್ನಾಗಿ ತೊಳೆದರು. ಮರುದಿನ ಬೆಳಿಗ್ಗೆ ಕೆಲಸದವರು ಬಂದು ಅಂಟು ಬಳಿದು ಅಂಟಿಸಿ ಹೋದರು. ಮಾರ್ಗಶಿರ ಬರುವ ಹೊತ್ತಿಗೆ ಕೋಣೆಯಲ್ಲಿ ಮುಗ್ಗಲು ವಾಸನೆ ಹುಟ್ಟಿತು. ಮೂಲೆಯೊಂದನ್ನು ಕಿತ್ತು ನೋಡಿದರೆ ಕೆಳಗೆ ಬೂಷ್ಟು ಹಿಡಿದಿತ್ತು. ಬೆಳ್ಳಿಯ ಬಣ್ಣದ ಸಣ್ಣ ಹುಳುಗಳು ತುಂಬಿದ್ದವು. ಔಷಧಿ ಹೊಡೆಯಲು ಮನೆಯ ಹಿರಿಯರು ಒಪ್ಪಲಿಲ್ಲ. ಇಡೀ ಹಾಸನ್ನು ಕಿತ್ತಾಗ ಕೆಂಪು ನೆಲದ ಹೊಳಪು ಅಂಟಿನೊಡನೆ ಎದ್ದುಬಂತು. ಉಳಿಸಬೇಕೆಂದಿದ್ದ ಹುಳುಗಳೂ ಬಹುಪಾಲು ಸತ್ತವು. ಯಾರೂ ಕೊಲ್ಲಲು ಬಯಸಿರಲಿಲ್ಲ. ಅವಸರವೇ ಕೊಂದಿತು.

ಆ ಮನೆಗೆ ಮಗಳನ್ನು ಕೊಟ್ಟಿದ್ದ ನಂಜನಗೂಡಿನ ಧಾನ್ಯವ್ಯಾಪಾರಿಯೊಬ್ಬರಿಗೆ ಮರುವರ್ಷ ಅದೇ ಅಗತ್ಯ ಒದಗಿತು. ಎಂಬತ್ತು ದಾಟಿದ ಅವರ ತಾಯಿಗೆ ಚಳಿಗಾಲದ ನೆಲದ ಮೇಲೆ ಸಾಮಾಯಿಕಕ್ಕೆ ಕುಳಿತೇಳುವುದು ಕಷ್ಟವಾಗಿತ್ತು. ಚಾಪೆಯೂ ಜಮಖಾನವೂ ಕಾಲಿಗೆ ಸಿಕ್ಕಿ ಜಾರುತ್ತಿದ್ದವು. ಕಾರ್ಪೆಟ್ಟಿನ ಮಾತೆತ್ತಿದಾಗ ಆ ತಾಯಿಯೇ ತಡೆದರು: “ನನ್ನ ಕಾಲು ಬೆಚ್ಚಗಿರಲಿ ಅಂತ ಎಷ್ಟು ಜೀವ ಅದರಡಿ ಸಿಕ್ಕಿ ಸಾಯಬೇಕಪ್ಪ?” ಮಗ ಹೇಳಿದರು: “ಅಮ್ಮ, ನೆಲ ಒಣಗಿದೆ ಅಂತ ನಿಮ್ಮ ಕಣ್ಣಿಗೇ ತೋರಿಸ್ತೀನಿ. ಆಮೇಲೆ ನೀವು ಹೂಂ ಅಂದರೆ ಮಾತ್ರ ಹಾಸಿಸೋಣ.”

ಮೊದಲು ಕಾಲವನ್ನು ಆರಿಸಲಾಯಿತು. ಮಳೆಗಾಲದಲ್ಲಿ ನೆಲದ ಮೇಲೆ ಜೀವೋತ್ಪತ್ತಿ ಹೆಚ್ಚೆಂದೇ ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುತ್ತಾರೆ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಕಪಿಲೆಯ ಪ್ರವಾಹ ನಂಜನಗೂಡಿನ ತಗ್ಗು ಬೀದಿಗಳಿಗೆ ನುಗ್ಗಿದುದೂ ಇದೇ ಚಾತುರ್ಮಾಸದಲ್ಲಿ. ನೀರು ಇಳಿದ ಮೇಲೂ ಹಳೆಯ ನೆಲಗಳು ತೇವವನ್ನು ಬಹುಕಾಲ ಹಿಡಿದಿರುತ್ತವೆ. ಆದುದರಿಂದ ಕೆಲಸವನ್ನು ಮಾಘ ಮಾಸಕ್ಕೆ ಇಟ್ಟುಕೊಂಡರು.

ಅನಂತರ ಪರೀಕ್ಷೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಅಂಚಿಗೂ ಟೇಪು ಒತ್ತಿ ನೆಲಕ್ಕೆ ಅಂಟಿಸಿ, ಒಂದು ಪೂರ್ಣ ದಿನ ಬಿಟ್ಟು ತೆಗೆಯಬೇಕು. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಅಥವಾ ನೆಲ ಕಪ್ಪಾಗಿದ್ದರೆ ತೇವ ಮೇಲೇರುತ್ತಿದೆಯೆಂದು ಅರ್ಥ. ಬಚ್ಚಲಿಗೆ ಹೊಂದಿದ ಗೋಡೆಯ ಬಳಿ ಹನಿ ಕಂಡಿತು. ಕೊಳಾಯಿಯ ಸೋರಿಕೆಯನ್ನು ಸರಿಪಡಿಸಿ, ಹದಿನೈದು ದಿನ ಕಾದು, ಮತ್ತೆ ಪರೀಕ್ಷಿಸಿದಾಗ ಹಾಳೆ ಒಣಗಿತ್ತು. ಅದನ್ನು ತಾಯಿಯ ಕೈಗೇ ಕೊಟ್ಟು ತೋರಿಸಿದರು; ಅವರು ಒಪ್ಪಿದರು.

ಮೂರನೆಯದು ವಸ್ತುವಿನ ಆಯ್ಕೆ. ಉಣ್ಣೆಯನ್ನು ತಿನ್ನುವ ಹುಳುಗಳುಂಟು. ಅದಕ್ಕಾಗಿ ಉಣ್ಣೆಯ ಕಾರ್ಪೆಟ್ಟಿಗೆ ಕೀಟನಾಶಕ ಸೇರಿಸುವ ರೂಢಿಯೂ ಉಂಟು. ಅದನ್ನು ಬಿಟ್ಟು ಪಾಲಿಪ್ರಾಪಿಲೀನ್ ನೂಲಿನದನ್ನು ಆರಿಸಿದರು. ಕೋಣೆಯ ಅಳತೆ 11 ಅಡಿಗೆ 14 ಅಡಿ, ಅಂದರೆ 154 ಚದರಡಿ. ಹಾಸುವವನು 174 ಚದರಡಿಯ ಲೆಕ್ಕ ಕೊಟ್ಟಾಗ ಮನೆಯ ಮಗ ಹುಬ್ಬೇರಿಸಿದ. ಸುರುಳಿಯ ಅಗಲ 12 ಅಡಿ. ಅಂಚು ಕತ್ತರಿಸಲು ಉದ್ದಕ್ಕೆ ಅರ್ಧ ಅಡಿ ಹೆಚ್ಚು ಬೇಕು. ಹನ್ನೆರಡನ್ನು ಹದಿನಾಲ್ಕೂವರೆಯಿಂದ ಗುಣಿಸಿದರೆ 174. ಲೆಕ್ಕ ನ್ಯಾಯವಾಗಿತ್ತು. ವ್ಯಾಪಾರಿ ಚೌಕಾಶಿ ಮಾಡದೆ, ಉಳಿದ ತುಂಡುಗಳನ್ನು ಮನೆಗೇ ಬಿಡಬೇಕೆಂದು ಮಾತ್ರ ಮೊದಲೇ ಹೇಳಿದರು. ಮುಂದೆ ತೇಪೆ ಹಾಕಲು ಅವು ಬೇಕಾಗುತ್ತವೆ.

ಹಾಸುವ ಹಿಂದಿನ ದಿನ ಬೀರುವಿನೊಳಗಿನದನ್ನೆಲ್ಲ ತೆಗೆದು, ಮಂಚ ಬೀರುಗಳನ್ನು ಎಳೆಯದೆ, ಎತ್ತಿ ಪಕ್ಕದ ಕೋಣೆಗೆ ಸಾಗಿಸಿದರು. ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ ನಡೆಯಬೇಕೆಂಬ ಆದಾನನಿಕ್ಷೇಪಣ ಸಮಿತಿ ಮುನಿಗಳ ನಿಯಮವಾದರೂ, ಬೀರು ಎತ್ತುವ ಗೃಹಸ್ಥನಿಗೂ ಅದು ಪಾಠವೇ. ಬೀರುವಿನ ಹಿಂದೆ ಇರುವೆಯ ಸಾಲಿತ್ತು; ಸೊಸೆ ಮೆತ್ತನೆಯ ಪೊರಕೆಯಿಂದ ಅದನ್ನು ಹಗಲಿನಲ್ಲಿಯೇ ಹಿತ್ತಲಿಗೆ ಸಾಗಿಸಿ, ಬಿರುಕಿಗೆ ಸಿಮೆಂಟು ತುಂಬುವ ಮೊದಲು ಎರಡು ದಿನ ಕಾದಿದ್ದಳು. ಕಾರ್ಪೆಟ್ಟಿನ ದಪ್ಪಕ್ಕೆ ಬಾಗಿಲು ತಡೆಯುವುದೆಂದು ಬಡಗಿಯನ್ನು ಮೊದಲೇ ಕರೆಸಿ ಕದದ ಕೆಳಂಚನ್ನು ಉಜ್ಜಿಸಿದ್ದರು. ಮೈಸೂರಿನಿಂದ ಬಂದ ಇಬ್ಬರು ಯುವಕರಿಗೆ ಬರಿದಾದ, ಒಣಗಿದ, ಗುಡಿಸಿದ ಕೋಣೆ ಸಿಕ್ಕಿತು. ಇಡೀ ದಿನ ಮೊಣಕಾಲೂರಿ ದುಡಿಯುವವರ ಕೈಯಲ್ಲಿ ಕೂಲಿಯಿಲ್ಲದೆ ಬೀರು ಹೊರಿಸುವುದು ಕಾನೂನಿನ ಕಣ್ಣಿಗೆ ಕಳವಲ್ಲದಿರಬಹುದು. ಧರ್ಮದ ಲೆಕ್ಕದಲ್ಲಿ ಅದು ಅಸ್ತೇಯಕ್ಕೆ ಸಲ್ಲುವ ನಡೆಯಲ್ಲ.

ಅಂಟಾಗಲಿ, ಗೋಡೆಯಂಚಿನ ಮೊಳೆಪಟ್ಟಿಯಾಗಲಿ ಬೇಡವೆಂದು ವ್ಯಾಪಾರಿ ಹೇಳಿದ್ದರು. ಜಾರದ ಫೆಲ್ಟಿನ ಮೇಲೆ ಕಾರ್ಪೆಟ್ ಹಾಸಿ, ಅಂಚುಗಳನ್ನು ಹೊಲಿದು, ತಾಯಿ ಎಡವದಂತೆ ಹೊಸ್ತಿಲ ಬಳಿ ಮಾತ್ರ ಪಟ್ಟಿ ಬಿಗಿದರು. ಹೀಗಾದರೆ ವರ್ಷಕ್ಕೆರಡು ಸಲ, ಚಾತುರ್ಮಾಸದ ಹಿಂದೆ ಮತ್ತು ಮುಂದೆ, ಅದನ್ನು ಸುತ್ತಿ ಬಿಸಿಲಿಗೆ ಒಡ್ಡಿ ನೆಲವನ್ನು ನೋಡಬಹುದು.

ಹಾಸುವವನ ಕುಶಲತೆ ಮೇಲ್ಮೈಗೆ ಸಂಬಂಧಿಸಿದ್ದು. ಕೆಳಗಿನ ನೆಲ ಯಾವಾಗಲೂ ಗೃಹಸ್ಥನ ಹೊಣೆ. ಎತ್ತಿ ನೋಡಲಾಗದಂತೆ ಏನನ್ನೂ ಮುಚ್ಚಬಾರದೆಂಬ ಒಂದು ನಿಯಮವನ್ನು ಇಟ್ಟುಕೊಂಡರೆ ಮನೆಯ ನೆಲಕ್ಕೂ, ಅಂಗಡಿಯ ಖಾತೆಗೂ, ಬಸದಿಯ ಟ್ರಸ್ಟಿನ ಲೆಕ್ಕಕ್ಕೂ ಅದು ಸಾಲುತ್ತದೆ.