ನಡುವಿನಿಂದ ಹೊರಕ್ಕೆ

ಪಾಂಡವಪುರದ ಬಳಿ, ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ನಮ್ಮ ಗದ್ದೆಗಳನ್ನು ತೀರ್ಥರೂಪರು ಹಳೆಯ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರಿನಲ್ಲಿ ಉತ್ತವರು. 1960ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಟಾಫೆ ಸಂಸ್ಥೆಯದು. ಮೂರು ಸಿಲಿಂಡರಿಗೂ ಒಂದೇ ಹೆಡ್ಡು. ಅವರು ಗತಿಸಿದ ಮೇಲೆ ಅದನ್ನು ನಾನೇ ಬಿಚ್ಚಿ ಕೂರಿಸಿದೆ. ಆತುರದಿಂದ ಒಂದು ತುದಿಯಿಂದ ನಟ್ಟುಗಳನ್ನು ಬಿಗಿದೆ. ನಾಟಿಯ ಹೊತ್ತಿಗೆ ಗ್ಯಾಸ್ಕೆಟ್ಟು ಹೋಗಿ, ನೀರು ಎಣ್ಣೆಗೆ ಬೆರೆಯಿತು. ನಾಲೆಯಲ್ಲಿ ನೀರಿದ್ದೂ ಗದ್ದೆ ಹಾಗೆಯೇ ಉಳಿಯಿತು.

ಊರಿನ ವೃದ್ಧ ಮೆಕ್ಯಾನಿಕರು ಮಸಿ ಕೆರೆದು, ಉಕ್ಕಿನ ಪಟ್ಟಿಯಿಟ್ಟು ಸಮತಲ ನೋಡಿ, ಹೊಸ ಗ್ಯಾಸ್ಕೆಟ್ಟು ಹಾಸಿದರು. “ನಡುವಿನಿಂದ ಬಿಗೀತಾ ಹೊರಕ್ಕೆ ಬಾ, ಮಗ. ಒಂದೇ ಸಲಕ್ಕಲ್ಲ, ಮೂರು ಸುತ್ತು,” ಎಂದರು. ಎಂಜಿನ್ ಕಾದ ಬಳಿಕ ಮತ್ತೊಮ್ಮೆ ಬಿಗಿಸಿ, ಟ್ಯಾಪೆಟ್ಟು ಸರಿಪಡಿಸಿದರು.

ಈ ಶಾಲೆಯಲ್ಲಿ ನನ್ನ ಕೈಹಿಡಿದು ಅಕ್ಷರ ತಿದ್ದಿಸಿದ ಗುರುಗಳು ಅಂದು ನೆನಪಾದರು. ತಪ್ಪಿದ್ದನ್ನು ತಿದ್ದದೆ ಅವರು ಮುಂದಿನ ಅಕ್ಷರಕ್ಕೆ ಬಿಟ್ಟವರಲ್ಲ.